ಸುಣ್ಣ ಬಳಿದ ಹಾರ್ಡನಿಂಗ್ ಶೆಡ್ಡು

ಅವರಿಗೆ ಹುಬ್ಬುಗಳಿರಲಿಲ್ಲ. ಕುಲುಮೆಯ ಬಾಗಿಲು ತೆಗೆದಾಗಲೆಲ್ಲ ಹೊರಗೆ ನುಗ್ಗುವ ಝಳಕ್ಕೆ ಹುಬ್ಬು, ರೆಪ್ಪೆ, ಮುಂದಲೆಯ ಕೂದಲು ಎಲ್ಲವೂ ಸುಟ್ಟು ಸುಟ್ಟು, ಕೊನೆಗೆ ಮತ್ತೆ ಹುಟ್ಟುವ ಉಸಾಬರಿಯನ್ನೇ ಬಿಟ್ಟಿದ್ದವು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಯಾವುದು, ತಮಾಷೆ ಯಾವುದು, ನೋವು ಯಾವುದು ಎಂದು ಹೇಳುವುದು ಕಷ್ಟ. ನನಗೆ ತಿಳಿಯುವುದಕ್ಕೆ ಎರಡು ವರ್ಷ ಹಿಡಿಯಿತು. ಅದೂ ಪೂರ್ತಿ ತಿಳಿಯಿತೆಂದು ಹೇಳಲಾರೆ.

ಪೀಣ್ಯದ ಸಣ್ಣ ಕಾರ್ಖಾನೆಗಳವರೆಲ್ಲ ಅವರನ್ನು ಹಾರ್ಡನಿಂಗ್ ಯಜಮಾನರು ಎಂದೇ ಕರೆಯುತ್ತಿದ್ದರು. ಉಕ್ಕಿನ ಹತಾರಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯ ತೊಟ್ಟಿಗೆ ಇಳಿಸಿ ಗಟ್ಟಿ ಮಾಡುವುದು ಅವರ ಕೆಲಸ. ಹುಟ್ಟಿದ್ದು ಅಲ್ಲೇ ಪಕ್ಕದ ಹಳ್ಳಿಯ ಬೇಸಾಯದ ಮನೆಯಲ್ಲಿ. ರಾಗಿ ಹೊಲ ಜಾಲಹಳ್ಳಿ ಕಡೆಯ ಒಂದು ಫ್ಯಾಕ್ಟರಿಗೆ ಹೋದ ಮೇಲೆ ಅದೇ ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿ ಸೇರಿ, ಬೆಂಕಿಯ ಕೆಲಸ ಕಲಿತು, ಆಮೇಲೆ ಸ್ವಂತ ಶೆಡ್ಡು ಹಾಕಿದ್ದರು. ಆ ಶೆಡ್ಡಿನಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಕುಲುಮೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಕುಲುಮೆಗೆ ಅವರು ತಿರುಗುತ್ತಲೇ ಇರುತ್ತಿದ್ದರು. ಅವರೊಡನೆ ಮಾತಾಡಬೇಕೆಂದರೆ ನಾವೂ ಹಿಂದೆ ಹಿಂದೆ ಓಡಾಡಬೇಕು. ನನಗೆ ಅದು ಹಿಡಿಸಿತು. ಆಗ ನನಗೂ ಒಂದು ಕಡೆ ಕೂರುವ ಸಮಾಧಾನ ಇರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಾಲಹಳ್ಳಿಯಾಚೆ ಹೊಸದಾಗಿ ತೆರೆದಿದ್ದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲೋಹಶಾಸ್ತ್ರ ಹೇಳಿಕೊಡುವ ತಾತ್ಕಾಲಿಕ ಅಧ್ಯಾಪಕಿ. ತಾತ್ಕಾಲಿಕ ಎಂದರೆ ಮಾರ್ಚ್ ಬಂದಾಗಲೆಲ್ಲ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಆಫೀಸಿನ ಬಾಗಿಲು ಕಾಯುವ ಕೆಲಸ. ಡಿಪಾರ್ಟ್‌ಮೆಂಟ್ ಎಂದರೆ ಶೀಟು ಹೊದಿಸಿದ ಎರಡು ರೂಮು, ಬೀಗ ಹಾಕಿದ ಒಂದು ಬೀರು, ಅದರೊಳಗೆ ಒಂದು ಸೂಕ್ಷ್ಮದರ್ಶಕ. ಅದಾದರೂ ಯಾರೋ ತಿಳಿಯದೆ ತರಿಸಿದ್ದು. ಕೆಳಗಿನಿಂದ ಬೆಳಕು ಹಾಯಿಸಿ ಎಲೆ, ರಕ್ತದ ಹನಿ ನೋಡುವುದಕ್ಕೆ ಆಗುತ್ತಿತ್ತೇ ಹೊರತು ಅದರಲ್ಲಿ ಉಕ್ಕು ಕಾಣುತ್ತಿರಲಿಲ್ಲ. ಅದನ್ನು ತೋರಿಸಿ ತೋರಿಸಿ ನಾನು ಲೋಹದ ಒಳರಚನೆಯ ಪಾಠ ಮಾಡುತ್ತಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂಥ ದಿನಗಳಲ್ಲಿ ಪ್ರಿನ್ಸಿಪಾಲರು ದಿಲ್ಲಿಯಿಂದ ಬಂದ ಒಂದು ಸುತ್ತೋಲೆ ನನ್ನ ಕೈಗಿಟ್ಟರು. ದೊಡ್ಡ ಊರಿನ ದೊಡ್ಡ ಸಂಸ್ಥೆಗಳಲ್ಲಷ್ಟೇ ಸಂಶೋಧನೆ ನಡೆದರೆ ಸಾಲದು, ಆಯಾ ಪ್ರದೇಶದಲ್ಲೇ ಆ ಶಕ್ತಿ ಬೆಳೆಯಬೇಕು, ಅದಕ್ಕೆ ಕೇಂದ್ರ ಸರ್ಕಾರ ಅನುದಾನ ಕೊಡುತ್ತದೆ ಎಂದು ಅದರಲ್ಲಿತ್ತು. ಷರತ್ತು ಒಂದೇ. ಮೂರು ಜನ ಕೈ ಸೇರಿಸಬೇಕು: ಒಂದು ಚಿಕ್ಕ ಕಾಲೇಜು, ಒಂದು ದೊಡ್ಡ ಸಂಶೋಧನಾ ಸಂಸ್ಥೆ, ಸ್ಥಳೀಯ ಉದ್ಯಮದ ಒಬ್ಬರು. ಮೂವರ ಸಹಿ ಬೀಳದಿದ್ದರೆ ಅರ್ಜಿ ಬುಟ್ಟಿಗೆ.

"ನೋಡಮ್ಮ," ಎಂದರು ಪ್ರಿನ್ಸಿಪಾಲರು. "ಗ್ರಾಂಟ್ ಬಂದ್ರೆ ಪರೀಕ್ಷಾ ಕೇಂದ್ರ ಬರುತ್ತೆ, ನಿನ್ನ ಪೋಸ್ಟು ಪರ್ಮನೆಂಟ್ ಆಗುತ್ತೆ. ಬರ್ಲಿಲ್ವಾ, ನಾನೂ ಎಷ್ಟು ದಿನ ಅಂತ ಎಳೆಯಲಿ?"

ದೊಡ್ಡ ಸಂಸ್ಥೆ ಸಿಕ್ಕಿತು. ಪಟ್ಟಣದ ಒಬ್ಬ ಪ್ರೊಫೆಸರರು, ತಮ್ಮ ಹೆಸರು ಮೊದಲು ಹಾಕುವುದಾದರೆ ಅಡ್ಡಿಯಿಲ್ಲ ಎಂದರು. ಉದ್ಯಮದವರು ಸಿಗಲಿಲ್ಲ. ದೊಡ್ಡ ಕಾರ್ಖಾನೆಗಳವರು ಕಾಫಿ ಕೊಟ್ಟು ಕಳಿಸಿದರು. ಚಿಕ್ಕವರಿಗೆ ಸರ್ಕಾರದ ಕಾಗದ ಕಂಡರೆ ಭಯ. ಪೀಣ್ಯದ ಧೂಳಿನಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಅಲೆದು, ಚಪ್ಪಲಿ ಸವೆದು, ಯಾರೋ ಬೈದು ಯಾರೋ ನಕ್ಕು, ಕೊನೆಗೆ ಒಬ್ಬರು "ಹಾರ್ಡನಿಂಗ್ ಯಜಮಾನ್ರನ್ನ ಕೇಳಿ ಮೇಡಂ, ಅವ್ರಿಗೆ ಒಂಚೂರು ಹುಚ್ಚು" ಎಂದು ದಾರಿ ತೋರಿಸಿದರು.

ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಏನೂ ಕಾಣಲಿಲ್ಲ. ಕಿಟಕಿಗಳಿಗೆಲ್ಲ ಎರಡು ಮಡಿಕೆ ಗೋಣಿ ಹೊಡೆದಿತ್ತು. ಗೋಡೆಗಳು ಮಸಿ. ಅವರು ಅತ್ತಿಂದಿತ್ತ ತಿರುಗುತ್ತಲೇ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಗೋಡೆಯ ಗೂಡಿನಲ್ಲಿ ದೇವರ ಪಟದ ಹಿಂದೆ ಕೈ ಹಾಕಿ ಬಟ್ಟೆ ಸುತ್ತಿದ ಒಂದು ಗಂಟು ತೆಗೆದರು. ಅದರೊಳಗೆ ಮೂರು ತುಂಡಾದ ಒಂದು ಪಂಚು ಇತ್ತು. ತಗಡಿಗೆ ತೂತು ಹೊಡೆಯುವ ಪ್ರೆಸ್ಸಿನಲ್ಲಿ ಕೂರಿಸುವ ಗಟ್ಟಿ ಉಕ್ಕಿನ ಹತಾರ ಅದು.

"ಇದು ಯಾಕ್ ಮುರೀತು ಅಂತ ಯೋಳ್ತದಾ ಮೇಡಮ್ಮ ನಿಮ್ ಮಿಷನ್ನು?"

"ಹೇಳುತ್ತೆ ಯಜಮಾನ್ರೆ. ಕೊಯ್ದು, ನುಣ್ಣಗೆ ಮಾಡಿ, ಸರಿಯಾದ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಖಂಡಿತ ಹೇಳುತ್ತೆ."

"ಉಕ್ಕಿನ ತಪ್ಪಾ, ನನ್ ತಪ್ಪಾ, ಅದು ಗೊತ್ತಾಗ್ತದಾ?"

"ಗೊತ್ತಾಗುತ್ತೆ."

"ಅಂಗಾದ್ರೆ ಎಲ್ಲಿ ಸೈನ್ ಆಕ್ಬೇಕು ತೋರ್ಸಿ."

ಅದರ ಕಥೆ ಅವರು ಒಂದೇ ದಿನ ಹೇಳಲಿಲ್ಲ. ಚೂರುಚೂರಾಗಿ ಹೇಳಿದರು. ಹನ್ನೆರಡು ವರ್ಷದ ಹಿಂದೆ ಅವರೇ ಗಟ್ಟಿ ಮಾಡಿ ಕೊಟ್ಟ ಪಂಚು. ಒಂದು ಸಣ್ಣ ಪ್ರೆಸ್ ಶೆಡ್ಡಿನಲ್ಲಿ ಅದನ್ನು ಹಾಕಿ ಓಡಿಸುತ್ತಿದ್ದಾಗ ಸಿಡಿದು, ಆಪರೇಟರ್ ಎರಡು ಬೆರಳು ಕಳೆದುಕೊಂಡ. ಆ ಆಪರೇಟರ್ ಇವರ ಜೊತೆಯಲ್ಲೇ ದನ ಕಾಯ್ದು ಬೆಳೆದ ಸ್ನೇಹಿತ. ಉಕ್ಕೇ ಕೆಟ್ಟದ್ದಿತ್ತು ಎಂದು ಎಲ್ಲರೂ ಮಾತು ಮುಗಿಸಿದರು. ಸ್ನೇಹಿತ ಪಟ್ಟಣದ ಇನ್ನೊಂದು ತುದಿಗೆ, ಹೆಬ್ಬಗೋಡಿಗೆ ಹೋಗಿ, ಹೆಂಡತಿಯ ತವರಿನವರ ನೆರವಿನಿಂದ ಒಂದು ಟೀ ಅಂಗಡಿ ಇಟ್ಟುಕೊಂಡ. ಇವರು ಪ್ರತಿ ಸುಗ್ಗಿಯಲ್ಲಿ ಎರಡು ಬಸ್ಸು ಬದಲಾಯಿಸಿ ಅವನ ಮನೆಗೆ ಅವರೆಕಾಯಿ ಮೂಟೆ ತಲುಪಿಸಿ ಬರುತ್ತಿದ್ದರು. ಆ ತುಂಡುಗಳನ್ನು ಹಿಡಿದು ಒಮ್ಮೆ ಪಟ್ಟಣದ ಒಂದು ದೊಡ್ಡ ಸಂಸ್ಥೆಯ ಗೇಟಿಗೂ ಹೋಗಿದ್ದರಂತೆ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದರಂತೆ ಗೇಟಿನವರು. ಗಂಟು ವಾಪಸು ದೇವರ ಪಟದ ಹಿಂದೆ ಬಂತು.

ಅರ್ಜಿ ಹೋಯಿತು. ಉತ್ತರಕ್ಕೆ ಕಾಯುವ ತಿಂಗಳುಗಳಲ್ಲಿ ಮನೆಯಲ್ಲೂ ಇರಲಾಗದೆ, ಕಾಲೇಜಿನಲ್ಲೂ ಇರಲಾಗದೆ, ಕ್ಲಾಸು ಮುಗಿದ ಕೂಡಲೇ ಬಸ್ಸು ಹತ್ತಿ ಶೆಡ್ಡಿಗೆ ಓಡುತ್ತಿದ್ದೆ. ಅವರ ಹತ್ತಿರ ಶಾಖ ಅಳೆಯುವ ಮೀಟರು ಇರಲಿಲ್ಲ. ಕಾದ ಉಕ್ಕಿನ ಬಣ್ಣವೇ ಲೆಕ್ಕ. ಒಣಮೆಣಸಿನಕಾಯಿ ಕೆಂಪು, ದಾಳಿಂಬೆ ಕಾಳಿನ ಕೆಂಪು, ಕಿತ್ತಳೆ. ಒಂದೊಂದು ಉಕ್ಕಿಗೂ ಒಂದೊಂದು. ನಾನು ಕಾಲೇಜಿನಿಂದ ಎರವಲು ತಂದ ಮೀಟರಿನಲ್ಲಿ ಅಳೆದು ನೋಡಿದೆ. ಅವರು ದಾಳಿಂಬೆ ಎಂದಾಗಲೆಲ್ಲ ಮೀಟರಿನ ಮುಳ್ಳು ಹೆಚ್ಚುಕಮ್ಮಿ ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

"ಕತ್ಲು ಬೇಕು ಮೇಡಮ್ಮ," ಎನ್ನುತ್ತಿದ್ದರು. "ಬಣ್ಣ ಸುಳ್ ಯೋಳಾಕಿಲ್ಲ. ಬೆಳಕು ಸುಳ್ ಯೋಳ್ಸ್ತದೆ."

ಈ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕೆಳಗೆ ಗೆರೆ ಕೂಡ ಎಳೆದಿದ್ದೆ. ಮುಂದೆ ನಾನು ಮಾಡಿದ ಕೆಲಸಕ್ಕೆ ತಿಳಿಯದೆ ಮಾಡಿದೆ ಎಂಬ ನೆಪವೂ ಇಲ್ಲ.

ದಿಲ್ಲಿಯ ತಂಡ ಸ್ಥಳ ನೋಡಲು ಬರುತ್ತದೆ ಎಂದು ತಂತಿ ಬಂತು. ಯಜಮಾನರು ಶೆಡ್ಡಿನ ಬೀಗದ ಕೈ ನನಗೆ ಕೊಟ್ಟು ಮೊಮ್ಮಗುವಿನ ನಾಮಕರಣಕ್ಕೆಂದು ಎರಡು ದಿನ ಅತ್ತಿಬೆಲೆಗೆ ಹೋಗಿದ್ದರು. ಪ್ರಿನ್ಸಿಪಾಲರು ಶೆಡ್ಡನ್ನು ಒಮ್ಮೆ ಇಣುಕಿ ನೋಡಿ, "ಇದೇನಮ್ಮ, ಬಾವಲಿ ಇರೋ ಗುಡಿ ಇದ್ದಂಗಿದೆ. ದಿಲ್ಲಿಯವ್ರನ್ನ ಇಲ್ಲಿಗೆ ಕರ್ಕೊಂಡ್ ಬರ್ತೀಯಾ?" ಎಂದರು. ಮನೆಗೆ ನೆಂಟರು ಬರುತ್ತಾರೆಂದರೆ ನಾವು ಮೊದಲು ಮಾಡುವುದು ಏನು? ಸುಣ್ಣ ಬಳಿಯುವುದು. ಯಜಮಾನರು ಬರುವಷ್ಟರಲ್ಲಿ ಶೆಡ್ಡು ಥಳಥಳ ಹೊಳೆಯಬೇಕು, ಅವರು ನೋಡಿ ಖುಷಿಪಡಬೇಕು ಎಂದು ಇಬ್ಬರು ಕೂಲಿಯವರನ್ನು ಕರೆಸಿ ನಾನೇ ಸೆರಗು ಕಟ್ಟಿ ನಿಂತೆ. ಗೋಡೆಗೆ ಮೂರು ಸಲ ಸುಣ್ಣವಾಯಿತು. ಕಿಟಕಿಯ ಗೋಣಿಗಳನ್ನು ಕಿತ್ತು ಕಸದ ಜೊತೆ ಸುಟ್ಟೆವು. ನಾಲ್ಕು ಟ್ಯೂಬ್‌ಲೈಟು ಹಾಕಿಸಿದೆ. ಬಾಗಿಲಿಗೆ ಮಾವಿನ ತೋರಣವೂ ಬಂತು.

ಬೆಳಿಗ್ಗೆ ಅವರು ಅತ್ತಿಬೆಲೆಯಿಂದ ನೇರವಾಗಿ ಬಂದರು. ಒಳಗೆ ಬಂದು ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು.

"ಸಂದಾಕೈತೆ ಮೇಡಮ್ಮ. ಮದ್ವೆ ಮನೆ ಆಗೈತೆ." ಆಮೇಲೆ ಮೆಲ್ಲಗೆ, "ಆ ಗೋಣಿ ಎಲ್ಲವ್ವೆ?" ಎಂದು ಕೇಳಿದರು.

ಆಗ ನನಗೆ ಹೊಳೆಯಿತು. ಅವರಿಗೆ ಬೇಕಾದ ಕತ್ತಲನ್ನೇ ನಾನು ಸುಟ್ಟಿದ್ದೆ. ಉತ್ತರ ಹೇಳುವಷ್ಟರಲ್ಲಿ ಹೊರಗೆ ಕಾರುಗಳು ಬಂದು ನಿಂತವು.

ದಿಲ್ಲಿಯಿಂದ ಬಂದವರು ಮೂವರು. ಅವರಲ್ಲಿ ಹಿರಿಯರೊಬ್ಬರೇ ಪ್ರಶ್ನೆ ಕೇಳುತ್ತಿದ್ದುದು, ಉಳಿದಿಬ್ಬರು ಬರೆದುಕೊಳ್ಳುತ್ತಿದ್ದರು. ನಮ್ಮ ಪಟ್ಟಣದ ಪ್ರೊಫೆಸರರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಹಿರಿಯರಿಗಾಗಲಿ ಪ್ರೊಫೆಸರರಿಗಾಗಲಿ ಕನ್ನಡ ಬಾರದು, ಯಜಮಾನರಿಗೆ ಇಂಗ್ಲಿಷ್ ಮಾತಾಡಲು ಬಾರದು. ನಡುವೆ ದುಭಾಷಿ ನಾನು. ಒಂದು ತುಂಡು ಗಟ್ಟಿ ಮಾಡಿ ತೋರಿಸಿ ಎಂದರು ಹಿರಿಯರು. ಯಜಮಾನರು ಕುಲುಮೆಯ ಬಾಗಿಲು ಸರಿಸಿ ನೋಡಿದರು. ಸುಣ್ಣದ ಬಿಳುಪು, ಕಿಟಕಿಯ ಬಿಸಿಲು, ಮೇಲಿನ ಟ್ಯೂಬುಗಳು. ಕಣ್ಣಿಗೆ ಅಂಗೈ ಅಡ್ಡ ಹಿಡಿದರು, ಕತ್ತು ವಾಲಿಸಿದರು, ಪಕ್ಕಕ್ಕೆ ಸರಿದು ನೋಡಿದರು. ಅಷ್ಟು ಬೆಳಕಿನಲ್ಲಿ ಕಾದ ಉಕ್ಕು ಮಂಕಾಗಿ ಕಾಣುತ್ತದೆ. ಇನ್ನೂ ಸಾಲದು ಎಂದು ಅವರು ಬಿಟ್ಟರು. ಸಾಕಾಗಿ ಹೆಚ್ಚಾಗಿತ್ತು. ಇಕ್ಕಳದಲ್ಲಿ ಹಿಡಿದು ತೊಟ್ಟಿಗೆ ಇಳಿಸಿದಾಗ ಹೊಗೆಯ ನಡುವೆ 'ಟಿಕ್' ಎಂದು ಒಂದು ಸದ್ದು ಬಂತು. ಉಗುರು ಕಡಿದಷ್ಟು ಸಣ್ಣ ಸದ್ದು. ನನಗೆ ಕೇಳಿಸಿತು.

ತುಂಡು ಹೊರಗೆ ಬಂತು. ಕಣ್ಣಿಗೆ ಏನೂ ಕಾಣದು. ಚೆನ್ನಾಗಿ ಬಂದಿದೆಯೇ ಎಂದು ಹಿರಿಯರು ಕೇಳಿದರು.

"ಸೀಳ್ತು ಅಂತ ಯೋಳಿ ಮೇಡಮ್ಮ," ಎಂದರು ಯಜಮಾನರು.

ಮಾರ್ಚ್ ತಿಂಗಳು, ಪರ್ಮನೆಂಟ್ ಪೋಸ್ಟು, ಬೀರುವಿನೊಳಗಿನ ಆ ದರಿದ್ರ ಸೂಕ್ಷ್ಮದರ್ಶಕ, ಎಲ್ಲವೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. "ಚೆನ್ನಾಗಿ ಬಂದಿದೆ ಅಂತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಫ್ಯಾಕ್ಟರಿಯಲ್ಲಿ ಹತ್ತು ವರ್ಷ ಸಾಹೇಬರುಗಳ ಇಂಗ್ಲಿಷ್ ಕೇಳಿಸಿಕೊಂಡ ಮನುಷ್ಯನಿಗೆ 'ಗುಡ್' ಎಂಬ ಪದ ಗೊತ್ತಿರುವುದಿಲ್ಲವೇ? ಅವರು ನನ್ನ ಕಡೆ ನೋಡಲೂ ಇಲ್ಲ. ತುಂಡು ಆರುವವರೆಗೆ ಕಾದು, ಸೀಮೆಎಣ್ಣೆಯಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟರು. ತೆಗೆದು ಬಟ್ಟೆಯಲ್ಲಿ ಒರೆಸಿದರು. ಮೂಲೆಯಲ್ಲಿ ಉಳಿದಿದ್ದ ಸುಣ್ಣದ ಬಕೆಟ್ಟಿಗೆ ಕುಂಚ ಅದ್ದಿ ಅದರ ಮೈಗೆ ತೆಳ್ಳಗೆ ಬಳಿದು, ಕುಲುಮೆಯ ಬಾಗಿಲ ಹತ್ತಿರ ಒಣಗಿಸಿದರು. ಎಲ್ಲರೂ ನೋಡುತ್ತ ನಿಂತರು. ಬಿಳಿಯ ಮೈಮೇಲೆ ನಿಧಾನವಾಗಿ ಒಂದು ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಸೇರಿದ್ದ ಸೀಮೆಎಣ್ಣೆ ಹೊರಗೆ ಬಂದು ತನ್ನ ಜಾಗ ತಾನೇ ತೋರಿಸಿತ್ತು.

ಹಿರಿಯರು ಗೆರೆ ನೋಡಿದರು, ನನ್ನನ್ನು ನೋಡಿದರು. "ಚೆನ್ನಾಗಿ ಬಂದಿದೆ ಎಂದಿರಲ್ಲ?" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಜಮಾನರು ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಹೇಳಿದರು: "ಮೇಡಮ್ಮಂಗೆ ಸದ್ದು ಕೇಳಿಸ್ನಿಲ್ಲ ಅಂತ ಯೋಳಿ."

ಅದನ್ನೂ ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ನನ್ನನ್ನು ಉಳಿಸಲು ಅವರು ಹೇಳಿದ ಸುಳ್ಳನ್ನು ನನ್ನ ಬಾಯಿಂದಲೇ ಹೇಳಿದೆ. ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಅನುವಾದ ಅದು.

ಪಟ್ಟಣದ ಪ್ರೊಫೆಸರರು ಕರವಸ್ತ್ರ ಇಳಿಸಿ, ಇದೆಲ್ಲ ಬರೀ ಅಂದಾಜಿನ ಕೆಲಸ, ಯಂತ್ರಗಳನ್ನು ತಮ್ಮ ಸಂಸ್ಥೆಯಲ್ಲಿಡುವುದೇ ಕ್ಷೇಮ ಎಂದರು. ಯಜಮಾನರಿಗೆ ಅಷ್ಟೂ ಅರ್ಥವಾಯಿತೋ ಇಲ್ಲವೋ, ಮುಖ ನೋಡಿ ಮಾತಿನ ದಿಕ್ಕು ಅರ್ಥವಾಗಿರಬೇಕು. "ಬೆಳಕು ಜಾಸ್ತಿ ಆಯ್ತು, ನನ್ ಕಣ್ಣು ಮೋಸ ಓಯ್ತು," ಎಂದರು. "ಒಂದ್ ಕಣ್ಣು ನಂಬ್ಕಂಡು ಈಟೊಂದ್ ಶೆಡ್ಡವೆ ಇಲ್ಲಿ. ಈ ಕಣ್ಣೇ ಓಗ್ಬಿಟ್ರೆ? ಮಿಷನ್ನು ಇಲ್ಲಿರ್ಬೇಕು ಸಾಮಿ. ಇಲ್ಲಿ ಮುರಿದಿದ್ದು ಇಲ್ಲೇ ಗೊತ್ತಾಗ್ಬೇಕು." ಸುಣ್ಣ ಬಳಿಸಿದ್ದು ಯಾರು, ಗೋಣಿ ಸುಟ್ಟದ್ದು ಯಾರು ಎಂದು ಅವರು ಹೇಳಲಿಲ್ಲ. ಈ ಸಲ ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಯಲ್ಲಿ, ಸುಣ್ಣ ಬಳಿಸಿದವಳು ನಾನು ಎಂದೂ ಸೇರಿಸಿದೆ.

ಅನುದಾನ ಬಂತು, ಒಂದೂವರೆ ವರ್ಷದ ಮೇಲೆ. ಪರೀಕ್ಷಾ ಕೇಂದ್ರ ಪೀಣ್ಯದಲ್ಲೇ ಇರತಕ್ಕದ್ದು ಎಂದು ಆದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನನ್ನ ಕೆಲಸ ಕಾಯಂ ಆಯಿತು. ಯಂತ್ರಗಳು ಬರಲು ಮತ್ತೆ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಯಜಮಾನರ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಬೆಂಕಿ ನೋಡುವವರಿಗೆ ಬೇಗ ಬರುತ್ತದೆ ಎಂದರಂತೆ ಡಾಕ್ಟರು. ಶೆಡ್ಡನ್ನು ಮಗನಿಗೆ ಬಿಟ್ಟಿದ್ದರು. ಕೇಂದ್ರದ ಉದ್ಘಾಟನೆಯ ದಿನ ಭಾಷಣಗಳು ನಡೆಯುತ್ತಿದ್ದಾಗ ಅವರು ಗೋಡೆ ಹಿಡಿದುಕೊಂಡು ವರಾಂಡದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ಜನ ಎಲ್ಲ ಹೋದ ಮೇಲೆ ಬಟ್ಟೆಯ ಗಂಟನ್ನು ನನ್ನ ಮೇಜಿನ ಮೇಲಿಟ್ಟರು.

ನಮ್ಮ ಕೇಂದ್ರದ ಮೊದಲನೆಯ ಪರೀಕ್ಷೆ ಅದೇ. ತುಂಡನ್ನು ಕೊಯ್ದೆ, ಉಜ್ಜಿದೆ, ಆಸಿಡ್ಡಿನಲ್ಲಿ ತೊಳೆದು ಹೊಸ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಉಕ್ಕಿನಲ್ಲಿ ದೋಷವಿರಲಿ ಎಂದು ದೇವರಿಗೆ ಹರಕೆ ಹೊರುವುದೊಂದು ಬಾಕಿ. ಉಕ್ಕು ಶುದ್ಧವಾಗಿತ್ತು. ಅದರೊಳಗಿನ ಕಣಗಳು ಮಾತ್ರ ದಪ್ಪ ದಪ್ಪವಾಗಿ ಊದಿಕೊಂಡಿದ್ದವು. ಅತಿಯಾಗಿ ಕಾದ ಉಕ್ಕು ಹಾಗಾಗುತ್ತದೆ. ಮೂರು ಸಲ ಹೊಸದಾಗಿ ಉಜ್ಜಿ ನೋಡಿದೆ. ಮೂರು ಸಲವೂ ಅದೇ.

ವರದಿಯನ್ನು ಚೀಲದಲ್ಲಿಟ್ಟುಕೊಂಡು ನಾಲ್ಕು ದಿನ ಅಲೆದೆ. ನಿದ್ದೆ ಬರಲಿಲ್ಲ. ವಯಸ್ಸಾದ ಜೀವ, ಕಣ್ಣು ಹೋಗುತ್ತಿದೆ, ಉಕ್ಕು ಕೆಟ್ಟದ್ದಿತ್ತು ಎಂದು ಹೇಳಿದರೆ ಯಾರ ಗಂಟೇನು ಹೋಗುತ್ತದೆ? ವರದಿ ಇಂಗ್ಲಿಷಿನಲ್ಲಿದೆ, ಓದುವವರು ಯಾರು? ಐದನೆಯ ದಿನ ಅವರ ಮನೆಗೆ ಹೋದೆ. ಅಂಗಳದಲ್ಲಿ ಓಡಾಡುತ್ತಿದ್ದವರು ನನ್ನ ಹೆಜ್ಜೆ ಸದ್ದು ಗುರುತು ಹಿಡಿದು ನಿಂತರು. ನಾನು ಕಾಗದ ಬಿಡಿಸಿದ ಸದ್ದೂ ಕೇಳಿರಬೇಕು.

"ಈ ಸಲ ಸರ್ಯಾಗಿ ಯೋಳಿ ಮೇಡಮ್ಮ," ಎಂದರು.

ದಿಲ್ಲಿಯವರೆದುರು ನಾನು ಆಡಿದ ಸುಳ್ಳಿನ ಮಾತನ್ನು ಅವರು ಅಲ್ಲಿಯವರೆಗೆ ಒಮ್ಮೆಯೂ ಎತ್ತಿರಲಿಲ್ಲ.

"ಉಕ್ಕು ಚೆನ್ನಾಗಿತ್ತು ಯಜಮಾನ್ರೆ," ಎಂದೆ. "ಬೆಂಕಿ ಜಾಸ್ತಿ ಆಗಿತ್ತು. ತುಂಬ ಹೊತ್ತು ಒಳಗೇ ಇತ್ತು."

"ಅಂಗಾದ್ರೆ ನಂದೇ," ಎಂದರು. ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದು, "ಆವತ್ತು ಪಂಚು ತಗಂಡೋಗಾಕೆ ಅವ್ನೇ ಬಂದಿದ್ದ. ಬಾಗ್ಲಲ್ಲಿ ನಿಂತ್ಕಂಡು ಮಾತಾಡ್ತಾ ಇದ್ವಿ. ನಗ್ತಾ ಇದ್ವಿ. ಒಳಗೈತೆ ಅನ್ನೋದೇ ಮರ್ತೋಯ್ತು ನಂಗೆ," ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರ ಮುಖದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಮಗನನ್ನು ಕೂಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೆಬ್ಬಗೋಡಿಗೆ ಕರೆದುಕೊಂಡು ಹೋಗಲು ಹೇಳಿದರು.

ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಮುಂದಿನ ಸುಗ್ಗಿಗೆ ಮೊದಲೇ ಒಂದು ಮಧ್ಯಾಹ್ನ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಹೋದಾಗ ಪೀಣ್ಯದ ಅರ್ಧ ಶೆಡ್ಡುಗಳು ಬಾಗಿಲು ಹಾಕಿದ್ದವು. ಗುಂಪಿನ ಹಿಂದೆ, ಬಲಗೈಯಲ್ಲಿ ಎರಡು ಬೆರಳಿಲ್ಲದ ಒಬ್ಬರು ನಿಂತಿದ್ದರು. ಯಾರೆಂದು ಹೇಳುವ ಅಗತ್ಯವಿರಲಿಲ್ಲ. ನಾನು ಹತ್ತಿರ ಹೋಗಿ, ಆ ವರದಿ ಬರೆದವಳು ನಾನೇ ಎಂದೆ. ಕ್ಷಮೆ ಕೇಳಿದ ಹಾಗೆ ಇತ್ತೇನೋ ನನ್ನ ದನಿ.

"ನೀವೇನಾ ತಾಯಿ," ಎಂದರು ಅವರು. "ಬಂದು ಯೋಳ್ದ. ನಂದೇ ತಪ್ಪು ಕಣೋ ಅಂದ. ಮಾತಿಗೆ ಎಳೆದಿದ್ದು ನಾನಲ್ವೇನೋ, ಇಬ್ರದೂ ಅನ್ನು ಅಂದೆ." ಬೆರಳಿಲ್ಲದ ಕೈಯಿಂದ ಮೂಗು ಒರೆಸಿಕೊಂಡರು. "ಈಟ್ ವರ್ಸ ಬಂದಾಗ್ಲೆಲ್ಲ ಮೂಟೆ ಇಳ್ಸಿ, ಬಾಗ್ಲಿಂದಾಚೆನೇ ನಿಂತು ಓಗ್‌ಬಿಡೋನು. ಒಂದ್ ಲೋಟ ನೀರ್ ಕುಡ್ದಿರ್ನಿಲ್ಲ ನಮ್ಮನೇಲಿ. ಆವತ್ತು ಒಳಕ್ಕೆ ಬಂದು ಕೂತು ಉಂಡ ತಾಯಿ. ಸಾರು ಎಲ್ಡ್ ಸಲ ಇಕ್ಕಿಸ್ಕಂಡ."